ಹುತ್ತದೊಳಗಿನ ಎತ್ತರ

ನನಗೊಂದು ಅಭ್ಯಾಸವಿದೆ, ಮನೆಯವರು ಅದನ್ನು ರೋಗ ಎನ್ನುತ್ತಾರೆ. ಯಾರದಾದರೂ ಹೊಸ ಮನೆಗೆ ಹೋದರೆ ಕಾಫಿ ಬರುವ ಮೊದಲೇ, ಈ ಕೋಣೆ ಎಷ್ಟು ಚದರಡಿ ಎಂದು ಕೇಳಿಬಿಡುತ್ತೇನೆ. ಮನೆ ಕಟ್ಟಿಸಿದವರು ಅದನ್ನು ಹೇಳಲು ಕಾಯುತ್ತಲೇ ಇರುತ್ತಾರೆ. ಆಮೇಲೆ ಕಿಟಕಿ ನೋಡುವ ನೆಪದಲ್ಲಿ ಎದ್ದು, ಒಂದು ಗೋಡೆಯ ಬುಡದಲ್ಲಿ ಪಾದಕ್ಕೆ ಪಾದ ತಾಗಿಸಿ ನಡೆದು, ಇನ್ನೊಂದು ಗೋಡೆಯ ಹತ್ತಿರವೂ ಸುಳಿಯದೆ ಅದರ ಉದ್ದವನ್ನು ಮನಸ್ಸಿನಲ್ಲೇ ಭಾಗಿಸಿ ತೆಗೆಯುತ್ತೇನೆ. ಮೊನ್ನೆ ನಮ್ಮದೇ ಚಾವಡಿಗೆ ಚಾಪೆ ತರಬೇಕಾಗಿ ಬಂತು. ಸ್ಟೀಲಿನ ಟೇಪನ್ನು ಕೈಯಲ್ಲಿ ಹಿಡಿದುಕೊಂಡೇ, ಮನೆ ಕಟ್ಟಿದ ಮೇಸ್ತ್ರಿ ಎಂದೋ ಹೇಳಿದ್ದ ಚದರಡಿಯನ್ನು ನೆನಪಿಸಿಕೊಂಡು ಭಾಗಿಸುತ್ತ ನಿಂತಿದ್ದೆ. ಹೆಂಡತಿ ನೋಡಿದಳು.

"ಎಂತ ಮಾರಾಯ್ರೆ, ಟೇಪು ಕೈಯಲ್ಲೇ ಉಂಟಲ್ಲ! ಆಚೆ ಗೋಡೆಗೆ ಹಿಡಿದ್ರೆ ಆಯ್ತಪ್ಪ."

"ಕಪಾಟು ಅಡ್ಡ ಉಂಟು."

"ಕಪಾಟಿನ ಅಡಿಯಲ್ಲಿ ನಾಗರಹಾವು ಉಂಟಾ? ಸರಿಸಿ ಅಳೆಯಿರಿ."

ಟೇಪು ಸರ್ರೆಂದು ಒಳಗೆ ಹೋಗುವಾಗ ನನ್ನ ಬೆರಳಿಗೆ ಬಡಿಯಿತು. ಅವಳು ಸುಮ್ಮನೆ ಆಡಿದ ಮಾತು. ಆದರೆ ಹಾವು ಇತ್ತು, ಇತ್ತೆಂದು ನಾವೆಲ್ಲ ನಂಬಿದ್ದೆವು. ಕಪಾಟಿನ ಅಡಿಯಲ್ಲಲ್ಲ, ಇಚಿಲಂಪಾಡಿಯಲ್ಲಿ, ನನ್ನ ಸೋದರತ್ತೆಯ ಬಾವಿಯ ಹಿಂದೆ, ನಾಗಬನದ ಹುತ್ತದಲ್ಲಿ.

ಆಗ ನಾನು ಪುತ್ತೂರಿನ ಒಂದು ಶಾಲೆಯಲ್ಲಿ ಹೊಸ ಮಾಸ್ಟ್ರು. ನಮ್ಮ ಜಿಲ್ಲೆ ಮದ್ರಾಸನ್ನು ಬಿಟ್ಟು ಮೈಸೂರಿಗೆ ಸೇರಿ ಕೆಲವು ವರ್ಷ ಆಗಿತ್ತು. ಸರಿಯಾಗಿ ಎಷ್ಟು ಎಂದು ಕೇಳಬೇಡಿ. ಇದನ್ನು ಹೇಳುವಾಗಲೆಲ್ಲ ನನಗೆ ನನ್ನ ಮೇಲೇ ಸಂಶಯ. ನೆನಪು ಎನ್ನುವುದು ನನ್ನ ಏಳನೇ ಕ್ಲಾಸಿನ ಮಕ್ಕಳ ಹಾಗೆ: ಉತ್ತರವನ್ನು ಮೊದಲು ಬರೆದಿಟ್ಟು, ದಾರಿಯನ್ನು ಆಮೇಲೆ ತುಂಬುತ್ತದೆ. ದಾರಿ ತುಂಬ ನೀಟಾಗಿದ್ದರೆ ನಾನು ಆ ಮಗುವಿನ ಮುಖ ನೋಡುತ್ತಿದ್ದೆ. ಈಗ ನೀವು ನನ್ನ ಮುಖ ನೋಡಬಹುದು.

ದೇವಕಿಯತ್ತೆ ನನ್ನ ಅಪ್ಪನ ತಂಗಿ. ಗಂಡ ತೀರಿಕೊಂಡ ಮೇಲೆ ಅವಳ ಪಾಲಿಗೆ ಬಂದದ್ದು ಮೂವತ್ತು ಸೆಂಟ್ಸ್ ಜಾಗ, ಅದರಲ್ಲೊಂದು ಹುಲ್ಲಿನ ಮನೆ, ಒಂದು ಎಮ್ಮೆ, ಒಂದು ಬಾವಿ. ಬಾವಿಯನ್ನು ಗಂಡ ಹೆಂಡಿರಿಬ್ಬರೇ ಒಂದು ಬೇಸಿಗೆಯಲ್ಲಿ ತೋಡಿದ್ದು. ಅವನು ಅಗೆದ, ಇವಳು ಮಣ್ಣು ಹೊತ್ತಳು. ಜಾಗ ಮೂರು ಮೂಲೆಯದು. ಕೆಳಗೆ ಗದ್ದೆಯ ಅಂಚಿನಲ್ಲಿ ಎರಡು ಗಡಿಕಲ್ಲು, ಮೇಲೆ ಗುಡ್ಡದ ಕಡೆಗೆ ಚೂಪಾಗುತ್ತ ಹೋಗಿ ಮೂರನೆಯ ಕಲ್ಲು. ಆ ಮೂರನೆಯ ಕಲ್ಲು ಕಾಣುತ್ತಿರಲಿಲ್ಲ.

ಸುತ್ತಲಿನ ಜಾಗವೆಲ್ಲ ಅತ್ತೆಯ ಗಂಡನ ಅಣ್ಣ ಶಂಭು ಮಾವನದು. ಬಾವಿಯ ಈಚೆಗೆ ಇದ್ದ ಕಲ್ಲು ಗಾಡಿ ದಾರಿ ಅಗಲ ಮಾಡುವಾಗ ಹೋಯಿತು ಎಂದು ಅವರ ವಾದ. ಕಲ್ಲು ಬಾವಿಯ ಆಚೆಗೆ, ನಾಗಬನದ ಒಳಗೇ ಇದೆ, ಹುತ್ತ ಬೆಳೆದು ಅದನ್ನು ನುಂಗಿದೆ ಎಂದು ಅತ್ತೆಯ ವಾದ. ಈಚೆಗಿದ್ದರೆ ಬಾವಿ ಮಾವನದು, ಆಚೆಗಿದ್ದರೆ ಅತ್ತೆಯದು. ಅಗೆದು ನೋಡಿದರೆ ಮುಗಿಯಿತಲ್ಲ ಎಂದು ಬೇರೆ ಊರಿನವರು ಕೇಳಬಹುದು. ಹುತ್ತವನ್ನು ಅಗೆಯುವುದುಂಟೇ? ಬನದೊಳಗೆ ಕಬ್ಬಿಣ ಒಯ್ಯುವಂತಿಲ್ಲ, ಜಾಗ ಅಳೆಯುವ ಸರಪಳಿಯೂ ಕಬ್ಬಿಣ. ಅಷ್ಟು ಜಗಳವಾಡಿದ ಇಬ್ಬರಲ್ಲಿ ಒಬ್ಬರ ಬಾಯಿಯಿಂದಲೂ ಅಗೆಯುವ ಮಾತು ಬರಲಿಲ್ಲ.

ಅಷ್ಟು ದಿನ ಇಲ್ಲದ ಜಗಳ ಆಗ ಯಾಕೆ ಬಂತೆಂದರೆ, ಶಂಭು ಮಾವ ಎಣ್ಣೆಯ ಪಂಪು ತಂದಿದ್ದರು. ಅದು ಗೋಣಿ ಹೊದ್ದುಕೊಂಡು ಅವರ ಜಗಲಿಯಲ್ಲಿ ಕೂತಿತ್ತು. ಗುಡ್ಡದ ಬದಿಯಲ್ಲಿ ಹೊಸ ತೆಂಗಿನ ಸಸಿ ಇಟ್ಟಿದ್ದರು, ಬೇಸಿಗೆಯಲ್ಲಿ ನೀರು ಬೇಕು. ಆ ಬಾವಿಗೆ ಪಂಪು ಇಳಿದರೆ ಮಧ್ಯಾಹ್ನಕ್ಕೆ ಕೆಸರು ಎಂಬುದು ಅವರಿಗೂ ಗೊತ್ತಿತ್ತು. ಆಮೇಲೆ ಅತ್ತೆ ಏನು ಮಾಡಬೇಕು? ಮನೆ ಬಿಟ್ಟು ನಮ್ಮಲ್ಲಿಗೆ ಬರಬೇಕು. ಅಣ್ಣನ ಮನೆಯ ಅಡಿಗೆಕೋಣೆಯ ಮೂಲೆ ತನಗೆ ಬೇಡವೆಂದೇ ಅವಳು ಆ ಹುಲ್ಲಿನ ಮಾಡಿನ ಕೆಳಗೆ ಒಬ್ಬಳೇ ಕೂತಿದ್ದಳು. ನನ್ನ ಅಪ್ಪ ಅವಳನ್ನು ಪ್ರೀತಿಯಿಂದಲೇ ಕರೆಯುತ್ತಿದ್ದರು. ಆ ಪ್ರೀತಿಯೇ ಅವಳಿಗೆ ಹೆದರಿಕೆ.

ಇಲ್ಲಿ ನಾನು ಪ್ರವೇಶ ಮಾಡುತ್ತೇನೆ, ಶರಟಿನ ಜೇಬಿನಲ್ಲಿ ಸೀಮೆಸುಣ್ಣದ ತುಂಡಿನೊಂದಿಗೆ. ಮೂವತ್ತು ಸೆಂಟ್ಸ್ ಎಂಬುದರಲ್ಲಿ ಇಬ್ಬರಿಗೂ ತಕರಾರು ಇಲ್ಲ ತಾನೆ? ಕೆಳಗಿನ ಎರಡು ಕಲ್ಲುಗಳಲ್ಲಿಯೂ ತಕರಾರು ಇಲ್ಲ. ಹಾಗಾದರೆ ಹುತ್ತ ಯಾಕೆ ಅಗೆಯಬೇಕು! ತ್ರಿಕೋಣದ ಕ್ಷೇತ್ರಫಲ ಎಂದರೆ ಪಾದ ಮತ್ತು ಎತ್ತರದ ಗುಣಲಬ್ಧದ ಅರ್ಧ. ಕ್ಷೇತ್ರಫಲವನ್ನು ಇಮ್ಮಡಿ ಮಾಡಿ ಪಾದದಿಂದ ಭಾಗಿಸಿದರೆ ಎತ್ತರ ತಾನಾಗಿ ಬರುತ್ತದೆ. ಬನಕ್ಕೆ ಕಾಲಿಡದೆ ಕಲ್ಲು ಎಲ್ಲಿದೆ ಎಂದು ಹೇಳಬಹುದು. ನಾನು ಇದನ್ನು ಹೇಳಿದಾಗ ಎಲ್ಲರೂ ನನ್ನನ್ನು ಸ್ವಲ್ಪ ಹೊತ್ತು ಮಂತ್ರವಾದಿಯನ್ನು ನೋಡುವಂತೆ ನೋಡಿದರು. ನನಗೂ ಹಾಗೆಯೇ ಅನ್ನಿಸಿತ್ತು.

ಶಂಭು ಮಾವ ಮಾತ್ರ ಎಲೆಯಡಿಕೆ ಉಗಿದು, "ನಿನ್ನ ಶಾಲೆಯ ಬೋರ್ಡಿನ ಮೇಲೆ ನಾಗ ಇರುದುಂಟಾ ಸುಬ್ರಾಯ?" ಎಂದರು.

"ಇಲ್ಲ ಮಾವ."

"ಹಾಂ. ಅದಕ್ಕೇ ಅಲ್ಲಿ ಲೆಕ್ಕ ಸಸಾರ."

ಶ್ಯಾನುಭಾಗರು ತಮ್ಮ ಸರಪಳಿಯನ್ನು ತಂದರು. ಊರಿನ ಕ್ರಮದಂತೆ ಸರಪಳಿಯ ಒಂದು ತುದಿಯನ್ನು ಒಂದು ಪಕ್ಷದವರು, ಇನ್ನೊಂದು ತುದಿಯನ್ನು ಇನ್ನೊಂದು ಪಕ್ಷದವರು ಹಿಡಿಯಬೇಕು. ನಾಳೆ ಯಾರೂ ಅಳತೆಯನ್ನು ದೂರಬಾರದು. ಅತ್ತೆಯ ಪರವಾಗಿ ನಾನು, ಎದುರಿಗೆ ಶಂಭು ಮಾವ. ಲೆಕ್ಕ ಹೇಳಿದ ಹಾಗೆ ನಡೆಯುತ್ತೇವೆ ಎಂದು ಅತ್ತೆ, ಮಾವ ಇಬ್ಬರೂ ಬನದ ಕಡೆಗೆ ಕೈಮುಗಿದು ಮಾತು ಕೊಟ್ಟರು. ಕೋರ್ಟಿನ ತೀರ್ಪಿಗಾದರೆ ಅಪೀಲು ಉಂಟು; ನಾಗನ ಎದುರು ಕೊಟ್ಟ ಮಾತಿಗೆ ಇಲ್ಲ. ತಪ್ಪಿದರೆ ಮೂರು ತಲೆಮಾರಿಗೆ ನಾಗದೋಷ ಎನ್ನುತ್ತಿದ್ದರು.

ಅತ್ತೆ ಬೆಳಿಗ್ಗೆಯೇ ಬಾವಿಯ ಹಗ್ಗವನ್ನು ರಾಟೆಯಿಂದ ತೆಗೆದು ಸುತ್ತಿ ಕಟ್ಟೆಯ ಮೇಲಿಟ್ಟಿದ್ದಳು.

"ನೀರು ಎಳೆಯುದಿಲ್ವಾ ಅತ್ತೆ?" ಎಂದು ಕೇಳಿದೆ.

"ಯಾರ ಬಾವಿ ಅಂತ ಗೊತ್ತಾಗ್ಲಿ. ಪರರ ನೀರಿನಲ್ಲಿ ನನಗೆ ಅಕ್ಕಿ ಬೇಯುದು ಬೇಡ."

ಹೀಗೆ ಆ ದಿನ ಆ ಮನೆಯಲ್ಲಿ ಒಲೆ ಹೊತ್ತಲಿಲ್ಲ. ಮಳೆಗಾಲ ಮುಗಿದು ಬಿಸಿಲು ಹೊಸದಾಗಿ ಚುರುಕಾಗಿತ್ತು. ನಮ್ಮ ಅಕ್ಕ ಲಲಿತ ನಮ್ಮ ಮನೆಯಿಂದ ಮಜ್ಜಿಗೆ ತಂದಿದ್ದಳು. ಅದು ಬೇಗ ಮುಗಿಯಿತು. ಎಮ್ಮೆ ಕೊಟ್ಟಿಗೆಯಲ್ಲಿ ಖಾಲಿ ಬಾನಿಗೆ ಕೊಂಬು ತಾಗಿಸುವ ಸದ್ದು ಆಗಾಗ ಕೇಳುತ್ತಿತ್ತು.

ಮೊದಲು ಕೆಳಗಿನ ಅಂಚಿನಿಂದ ನೇರ ಮೇಲಕ್ಕೆ ಬಾವಿಯವರೆಗೆ ಅಳೆದೆವು. ಬಾವಿಕಟ್ಟೆಯ ಆಚೆ ಅಂಚಿಗೆ ಒಂದೂ ಮುಕ್ಕಾಲು ಸರಪಳಿ. ಅಲ್ಲಿಂದ ಮುಂದೆ ಬನ, ಸರಪಳಿ ನಿಂತಿತು. ಅಂದರೆ ಎತ್ತರ ಒಂದೂ ಮುಕ್ಕಾಲಿಗಿಂತ ಹೆಚ್ಚು ಬಂದರೆ ಬಾವಿ ಅತ್ತೆಗೆ, ಕಡಿಮೆ ಬಂದರೆ ಮಾವನಿಗೆ. ಶ್ಯಾನುಭಾಗರು ಇದನ್ನು ಎರಡೆರಡು ಸಲ ಗಟ್ಟಿಯಾಗಿ ಹೇಳಿದರು.

ಆಮೇಲೆ ಪಾದ. ಕೆಳಗಿನ ಒಂದು ಕಲ್ಲಿನಿಂದ ಇನ್ನೊಂದು ಕಲ್ಲಿಗೆ. ನಡುವೆ ಶಂಭು ಮಾವನ ಗದ್ದೆಯ ಒಂದು ಮೂಲೆ ಒಳಗೆ ಚಾಚಿಕೊಂಡಿತ್ತು. ಅದರಲ್ಲಿ ಸುಗ್ಗಿ ಬೆಳೆಗೆಂದು ಹಾಕಿದ ನೇಜಿ. ನಾಟಿಗಾಗಿ ಒತ್ತಾಗಿ ಬೆಳೆಸಿದ ಭತ್ತದ ಆ ಎಳೆ ಸಸಿಗಳು ಗಿಳಿಯ ರೆಕ್ಕೆಯ ಹಸಿರಾಗಿ ಗೇಣುದ್ದ ನಿಂತಿದ್ದವು. ನಾವು ಕಟ್ಟಪುಣಿಯ ಮೇಲೆ, ಅಂದರೆ ಗದ್ದೆಯ ಬದುವಿನ ಮೇಲೆ, ಸರಪಳಿ ಎಳೆಯುತ್ತ ನಡೆದೆವು. ಬಾಲ್ಯದಿಂದ ನಡೆದದ್ದು ಹಾಗೆಯೇ. ಕಾಲು ತಾನಾಗಿ ಬದುವನ್ನು ಹಿಡಿಯುತ್ತದೆ. ಕಣ್ಣನ್ನು ಕೇಳುವುದಿಲ್ಲ, ಬುದ್ಧಿಯನ್ನಂತೂ ಕೇಳುವುದೇ ಇಲ್ಲ. ಸರಪಳಿಯ ಹಿತ್ತಾಳೆ ಬಿಲ್ಲೆಗಳನ್ನು ಎಣಿಸಿ ಶ್ಯಾನುಭಾಗರು ಸಾರಿದರು: "ಸರೀ ನಾಲ್ಕು."

ಬಟ್ಟೆ ಒಗೆಯುವ ಕಲ್ಲಿನ ಮೇಲೆ ಸೀಮೆಸುಣ್ಣದಿಂದ ಬರೆದೆ. ಹತ್ತು ಸೆಂಟ್ಸ್ ಎಂದರೆ ಒಂದು ಚದರ ಸರಪಳಿ. ಮೂವತ್ತು ಸೆಂಟ್ಸ್ ಎಂದರೆ ಮೂರು. ಇಮ್ಮಡಿ ಮಾಡಿದರೆ ಆರು. ಆರನ್ನು ನಾಲ್ಕರಿಂದ ಭಾಗಿಸಿದೆ.

ಒಂದೂವರೆ.

ನಾನು ಅದನ್ನು ಬಾಯಿಬಿಟ್ಟು ಹೇಳುವ ಅಗತ್ಯವೂ ಇರಲಿಲ್ಲ. ಶ್ಯಾನುಭಾಗರು ನನ್ನ ಹೆಗಲ ಮೇಲಿಂದ ಓದಿಯಾಗಿತ್ತು. ಬಾವಿ ಹೊರಗೆ. ಶಂಭು ಮಾವ ನಗಲಿಲ್ಲ. ಅವರು ನಕ್ಕಿದ್ದರೆ ನನಗೆ ಸುಲಭವಾಗುತ್ತಿತ್ತು. ಹೆಗಲಿನ ಬೈರಾಸು ತೆಗೆದು ಮುಖ ಒರಸಿಕೊಂಡು, "ನಾನು ಹೇಳಿದ್ದೆ" ಎಂದರು, ಅದೂ ನೆಲ ನೋಡಿಕೊಂಡು.

ಅತ್ತೆ ನನ್ನ ಹತ್ತಿರ ಬಂದಳು. "ಇನ್ನೊಮ್ಮೆ ಮಾಡು ಸುಬ್ರಾಯ."

"ಮಾಡಿದೆ ಅತ್ತೆ."

"ಪುನಃ ಮಾಡಿದ್ರೂ ಅದೇ ಬರ್ತದಾ?"

"ಅದೇ ಬರ್ತದೆ."

"ನಿನ್ನ ಲೆಕ್ಕಕ್ಕೆ ಬಾಯಾರುದಿಲ್ಲ ಅಲ್ವಾ," ಎಂದಳು. ಸಿಟ್ಟಿನಿಂದಲ್ಲ. ಗಂಡನೊಡನೆ ಹೊತ್ತ ಮಣ್ಣಿನ ಭಾರ ಈಗ ಬೆನ್ನಿಗೆ ತಿಳಿದವಳ ಹಾಗೆ ನಿಧಾನವಾಗಿ ಕಟ್ಟೆಯ ಮೇಲೆ, ಹಗ್ಗದ ಸುರುಳಿಯ ಪಕ್ಕ ಕೂತಳು. ನಾನು ಒಗೆಯುವ ಕಲ್ಲಿನ ಮೇಲಿನ ಭಾಗಾಕಾರವನ್ನು ಅಳಿಸಿ ಮತ್ತೆ ಮಾಡಿದೆ. ಅಷ್ಟು ಸುಂದರವಾದ, ತಪ್ಪೇ ಇಲ್ಲದ ಭಾಗಾಕಾರವನ್ನು ನಾನು ಜೀವಮಾನದಲ್ಲಿ ಮಾಡಿಲ್ಲ.

ಮುಂದಿನ ಘಳಿಗೆ ನನ್ನ ನೆನಪಿನಲ್ಲಿ ಹೀಗಿದೆ: ನಾನು ತಲೆಯೆತ್ತಿ ಕೆಳಗೆ ನೋಡಿದೆ; ಸರಪಳಿ ಇನ್ನೂ ಕಟ್ಟಪುಣಿಯ ಮೇಲೆ ಬಿದ್ದಿತ್ತು; ಅದು ಕುಡುಗೋಲಿನ ಹಾಗೆ ಬಳುಕಿತ್ತು. ಪಾದ ನೇರ ಇರಬೇಕಲ್ಲ ಎಂದು ನಾನು ಕೂಗಿದೆ. ಆದರೆ ಲಲಿತಕ್ಕನ ಪ್ರಕಾರ ಕೂಗಿದ್ದು ಅವಳು: ಮಜ್ಜಿಗೆಯ ಪಾತ್ರೆ ಎತ್ತಿಕೊಳ್ಳುವಾಗ "ಸರಪಳಿ ಯಾಕೆ ಹಾಗೆ ಡೊಂಕು ಮಲಗಿದೆ?" ಎಂದು ಕೇಳಿದಳಂತೆ. ಶ್ಯಾನುಭಾಗರು ಅನೇಕ ವರ್ಷ ಊರೆಲ್ಲ ಹೇಳುತ್ತಿದ್ದುದು, ತಾವು ಮೊದಲೇ ಕಂಡಿದ್ದೆವು, ಮಾಸ್ಟ್ರು ಕಾಣುತ್ತಾರೋ ಎಂದು ಪರೀಕ್ಷೆ ಮಾಡುತ್ತಿದ್ದೆವು ಎಂದು. ಒಮ್ಮೆ ಅತ್ತೆಯನ್ನೇ ಕೇಳಿದ್ದೆ. "ಯಾರೂ ಎಂತದೂ ಹೇಳ್ಲಿಲ್ಲ ಮಾರಾಯ. ಎಲ್ರೂ ಒಟ್ಟಿಗೇ ಕೆಳಗೆ ನೋಡಿದ್ರಿ, ಅಷ್ಟೇ," ಎಂದಳು. ಯಾವುದನ್ನು ಬೇಕಾದರೂ ಇಟ್ಟುಕೊಳ್ಳಿ. ಪಾದ ಸುತ್ತುಬಳಸಿ ಉದ್ದವಾಗಿತ್ತು, ಆದ್ದರಿಂದ ಎತ್ತರ ಗಿಡ್ಡವಾಗಿತ್ತು. ಕಲ್ಲಿನಿಂದ ಕಲ್ಲಿಗೆ ನೇರ ಅಳೆಯಬೇಕು. ನೇರ ಎಂದರೆ ನೇಜಿಯ ನಡುವಿನಿಂದ.

"ನೇಜಿಗೆ ಕಾಲು ಹಾಕಿದ್ರೆ ನೋಡು!" ಎಂದರು ಶಂಭು ಮಾವ.

"ಮಾವ, ಒಂದು ಸಾಲು ಮಾತ್ರ. ಅಷ್ಟರಿಂದ ಎಂತ ಆಗ್ತದೆ?"

ಉತ್ತರ ಬಂದದ್ದು ಬಾವಿಕಟ್ಟೆಯಿಂದ. "ಬೇಡ ಸುಬ್ರಾಯ. ನೇಜಿ ತುಳಿದು ಬರುವ ನೀರು ನನಗೆ ಬೇಡ."

ಜಗಳ ಶುರುವಾದಂದಿನಿಂದ ಇಬ್ಬರೂ ಒಂದೇ ಮಾತು ಆಡಿದ್ದು ಅದೇ ಮೊದಲು. ನನಗೆ ಅಳುವಷ್ಟು ಸಿಟ್ಟು ಬಂತು. ಇಲ್ಲಿ ಒಂದು ಬದಿಯಲ್ಲಿ ನಾಗ, ಇನ್ನೊಂದು ಬದಿಯಲ್ಲಿ ಭತ್ತದ ಎಳೆ. ಈ ಊರಿನಲ್ಲಿ ರೇಖಾಗಣಿತ ಕಾಲಿಡಲು ಒಂದಾದರೂ ಜಾಗ ಉಂಟೇ? ಸರಪಳಿಯನ್ನು ನೇಜಿಯ ಮೇಲಿಂದ ಎತ್ತಿ ಹಿಡಿಯೋಣ ಎಂದರೆ ಕಬ್ಬಿಣದ ಭಾರ, ಹೊಟ್ಟೆ ಜೋತು ಸಸಿಗಳನ್ನು ಮಲಗಿಸುತ್ತದೆ.

"ಬಳ್ಳಿ ಆಗ್ತದೆ," ಎಂದು ಅತ್ತೆ ಸುರುಳಿಯನ್ನು ಎತ್ತಿದಳು. ಬಾವಿಯ ತೆಂಗಿನ ನಾರಿನ ಹಗ್ಗ. ನೇಜಿಯ ಅಗಲದಲ್ಲಿ ಅದನ್ನು ಎಳೆದು ಹಿಡಿದು, ಆಮೇಲೆ ಹಗ್ಗವನ್ನು ಸರಪಳಿಯಿಂದ ಅಳೆದರಾಯಿತು. ಬಿಡಿಸಿ ನೋಡಿದರೆ ಉದ್ದ ಸಾಲದು. ಎಲ್ಲರೂ ಶಂಭು ಮಾವನ ಮುಖ ನೋಡಿದೆವು. ಕೊಟ್ಟಿಗೆ ತುಂಬ ದನ, ದನ ಕಟ್ಟುವ ಹಗ್ಗ ಇದ್ದದ್ದು ಅವರಿಗೆ. ಅವರು ಇಲ್ಲ ಎಂದುಬಿಟ್ಟಿದ್ದರೆ, ಸರಿ ನಾಲ್ಕು ಎಂಬ ಲೆಕ್ಕವೇ ನಿಲ್ಲುತ್ತಿತ್ತು.

ಮಾವ ತಮ್ಮ ಮನೆಯ ಕಡೆಗೆ ಗುಡ್ಡ ಹತ್ತಿ ಹೋದರು. ನಾವು ಕಾದೆವು. ಅವರ ಜಗಲಿಯಲ್ಲಿ ಪಂಪಿನ ಮೇಲಿನ ಗೋಣಿ ಇಲ್ಲಿಗೂ ಕಾಣುತ್ತಿತ್ತು. ಶ್ಯಾನುಭಾಗರು ಕೊಡೆಯನ್ನು ಬಿಡಿಸುವುದು, ಮಡಚುವುದು ಮಾಡುತ್ತಿದ್ದರು. "ಬರ್ಲಿಕ್ಕಿಲ್ಲ," ಎಂದಳು ಲಲಿತಕ್ಕ ಪಿಸುಮಾತಿನಲ್ಲಿ. ಅತ್ತೆ ಬನದ ಕಡೆಗೆ ನೋಡಲಿಲ್ಲ, ಗುಡ್ಡದ ಕಡೆಗೂ ನೋಡಲಿಲ್ಲ. ಹಗ್ಗದ ಸಿಕ್ಕು ಬಿಡಿಸುತ್ತಲೇ ಇದ್ದಳು, ಸಿಕ್ಕು ಇಲ್ಲದಿದ್ದರೂ.

ಮಾವ ಇಳಿದು ಬಂದಾಗ ಕೈಯಲ್ಲಿ ಎತ್ತು ಕಟ್ಟುವ ಹಗ್ಗ ಇತ್ತು. ಎರಡನ್ನೂ ಅವರೇ ಗಂಟು ಹಾಕಿದರು.

ನೇಜಿಯ ಈ ಬದಿಯ ಬದುವಿನಲ್ಲಿ ನಾನು, ಆ ಬದಿಯಲ್ಲಿ ಅವರು. ಕಲ್ಲುಗಳ ನೇರ ನೋಡಿ ಶ್ಯಾನುಭಾಗರು ಕೈಸನ್ನೆಯಲ್ಲಿ ನಮ್ಮನ್ನು ನಿಲ್ಲಿಸಿದರು. ಹಗ್ಗ ಎಳೆ ಹಸಿರಿನ ಮೇಲೆ ಎದ್ದಿತು. ಆಗ ನನಗೆ ಹೊಳೆಯಿತು: ಹಗ್ಗ ಸಡಿಲವಾದಷ್ಟೂ ಪಾದ ಉದ್ದ, ಪಾದ ಉದ್ದವಾದಷ್ಟೂ ಎತ್ತರ ಕಡಿಮೆ. ಮಾವ ಮೋಸ ಮಾಡಬೇಕಾಗಿಯೇ ಇಲ್ಲ. ಕೈ ಸೋತಂತೆ ಸ್ವಲ್ಪ ಬಿಟ್ಟರೆ ಸಾಕು, ಬಾವಿ ಅವರದು. ಅದನ್ನು ಅವರೂ ತಿಳಿದಿದ್ದರು. ಹಗ್ಗದ ಆ ತುದಿಯಿಂದ ಈ ತುದಿಗೆ ಅದು ನನಗೆ ಗೊತ್ತಾಯಿತು. ನಡುವಿನ ಗಂಟು ಭಾರಕ್ಕೆ ಕೆಳಗೆ ಇಳಿಯತೊಡಗಿತು.

"ಎಳೆಯಿರಿ ಮಾವ!" ಎಂದೆ. ನನ್ನ ದನಿ ಶಾಲೆಯ ದನಿಯಾಗಿರಲಿಲ್ಲ.

ಗಂಟು ಇನ್ನೂ ಇಳಿಯಿತು. ಸಸಿಗಳ ತುದಿಗಳು ಅಲುಗಿದವು.

ಮೇಲಿನಿಂದ ಅತ್ತೆ ಕೂಗಿ ಹೇಳಿದಳು: "ಭಾವ, ಸಡಿಲ ಬಿಡ್ಬೇಡಿ. ನೇಜಿಗೆ ತಾಗ್ತದೆ!"

ಬಾವಿಯ ಹೆಸರು ಎತ್ತಲಿಲ್ಲ, ನಾಗನ ಹೆಸರೂ ಎತ್ತಲಿಲ್ಲ. ಅವರ ನೇಜಿಯನ್ನು ಅವರಿಗೆ ನೆನಪು ಮಾಡಿದಳು, ಅಷ್ಟೇ. ಶಂಭು ಮಾವ ಬದುವಿಗೆ ಹಿಮ್ಮಡಿ ಊರಿ, ಹಿಂದಕ್ಕೆ ಬಾಗಿ, ಕುತ್ತಿಗೆಯ ನರ ಉಬ್ಬುವಂತೆ ಎಳೆದರು. ಗಂಟು ಮೇಲೆದ್ದಿತು. ಹಗ್ಗ ಕಡ್ಡಿಯಂತೆ ನಿಂತಿತು. ನನ್ನ ಅಂಗೈ ಉರಿಯಿತು. ಅವರು ನ್ಯಾಯಕ್ಕೆ ಎಳೆದರೋ, ಭತ್ತಕ್ಕೆ ಎಳೆದರೋ, ನನಗೆ ಇಂದಿಗೂ ತಿಳಿಯದು. ಆ ಉದ್ದವನ್ನು ತೆಗೆಯುವ ಸೂತ್ರ ನನ್ನಲ್ಲಿಲ್ಲ.

ಹಗ್ಗವನ್ನು ಬಿಸಿಲಲ್ಲಿ ಸರಪಳಿಯ ಪಕ್ಕ ಮಲಗಿಸಿ ಅಳೆದೆವು. ನೇಜಿಯ ಆಚೀಚೆ ಸರಪಳಿಯಲ್ಲೇ ಅಳೆದ ತುಂಡುಗಳನ್ನು ಕೂಡಿಸಿದಾಗ ಪಾದ ಮೂರು ಸರಪಳಿಗೆ ಸ್ವಲ್ಪ ಹೆಚ್ಚು. ಭಾಗಿಸುವಾಗ ಸೀಮೆಸುಣ್ಣ ಎರಡು ಸಲ ಮುರಿಯಿತು. ಎತ್ತರ ಎರಡಕ್ಕೆ ಕಡಿಮೆ, ಆದರೆ ಒಂದೂ ಮುಕ್ಕಾಲಿಗಿಂತ ಹೆಚ್ಚು. ಲೆಕ್ಕ ಬಾವಿಕಟ್ಟೆಯನ್ನು ದಾಟಿ, ಬನದೊಳಗೆ ಸ್ವಲ್ಪವೇ ದೂರ ಹೋಗಿ, ಹುತ್ತ ಇದ್ದ ಕಡೆ ನಿಂತಿತು. ಶ್ಯಾನುಭಾಗರು ಚಪ್ಪಲಿ ಬಿಟ್ಟು ಆ ಕಡೆಗೆ ಕೈಮುಗಿದರು. ಹುತ್ತದೊಳಗೆ ನಿಜವಾಗಿ ಕಲ್ಲಿತ್ತೋ ಇಲ್ಲವೋ, ಅಂದೂ ಯಾರೂ ನೋಡಲಿಲ್ಲ, ಆಮೇಲೂ ನೋಡಲಿಲ್ಲ.

ಕೊನೆಗೆ ಶಂಭು ಮಾವನೇ, "ದೇವಕಿ, ನೀರು ಎಳಿ. ಬಾಯಾರ್ತದೆ," ಎಂದರು.

ಅತ್ತೆ ಗಂಟಿದ್ದ ಹಗ್ಗವನ್ನು ಹಾಗೆಯೇ ರಾಟೆಗೆ ಹಾಕಿ ಕೊಡಪಾನ ಇಳಿಸಿದಳು. ನೀರು ಬಂತು. ಮೊದಲು ಎಮ್ಮೆಗೆ ಹೊಯ್ದಳು. ಆಮೇಲೆ ಒಳಗೆ ಹೋಗಿ, ಚೊಂಬು ನೀರಿನ ಜೊತೆ ತಟ್ಟೆಯಲ್ಲಿ ಒಂದು ತುಂಡು ಬೆಲ್ಲ ಇಟ್ಟುಕೊಂಡು ಬಂದು ಮಾವನ ಮುಂದೆ ಇಟ್ಟಳು. ನಮ್ಮ ಕಡೆ ಬೆಲ್ಲ ನೀರು ಎಂದರೆ ಹೊರಗಿನಿಂದ ಬಂದ ನೆಂಟರಿಗೆ ಮೊದಲು ಕೊಡುವುದು. ಮನೆಯವರಿಗೆ ಯಾರೂ ಕೊಡುವುದಿಲ್ಲ. ಆ ಅಂಗಳದಲ್ಲಿ ಅವರಿಗೆ ಅದುವರೆಗೆ ಯಾರೂ ಕೊಟ್ಟಿರಲಿಲ್ಲ.

ಮಾವ ತಟ್ಟೆ ನೋಡಿದರು. "ನನಗೆ ಬೆಲ್ಲ ಯಾಕೆ?"

"ಆಚೆ ಜಾಗದವರು ಅಲ್ವಾ ಭಾವ," ಎಂದಳು ಅತ್ತೆ. ಅದು ಗೆದ್ದವಳ ದನಿಯಾಗಿರಲಿಲ್ಲ.

ಲಲಿತಕ್ಕನನ್ನು ಕೇಳಿದರೆ ಬೆಲ್ಲವೇ ಇರಲಿಲ್ಲ ಎನ್ನುತ್ತಾಳೆ. ಆ ಮನೆಯಲ್ಲಿ ಅಂದು ಬೆಲ್ಲ ಎಲ್ಲಿಂದ ಬರಬೇಕು ಎಂಬುದು ಅವಳ ಪ್ರಶ್ನೆ. ಇರಬಹುದು. ನಾನು ಕಂಡದ್ದಂತೂ ಇದು: ಮಾವ ಚೊಂಬೆತ್ತಿ ಗಟಗಟನೆ ನೀರು ಕುಡಿದರು, ಬೆಲ್ಲ ಮುಟ್ಟಲಿಲ್ಲ. ಹೊರಡಲು ಎದ್ದಾಗ ಅತ್ತೆ ರಾಟೆಯ ಹತ್ತಿರ ಹೋಗಿ ಎತ್ತಿನ ಹಗ್ಗವನ್ನು ಹಿಂದೆ ಕೊಡಲೆಂದು ಗಂಟು ಬಿಚ್ಚತೊಡಗಿದಳು. ನೀರು ಕುಡಿದು ಬಿಗಿದುಕೊಂಡಿದ್ದ ಗಂಟು ಬಿಡಲಿಲ್ಲ. ಅವಳು ಹಲ್ಲು ಹಚ್ಚಲು ಬಗ್ಗಿದಳು.

"ಅದು ಇರ್ಲಿ," ಎಂದರು ಶಂಭು ಮಾವ, ಮೆಟ್ಟಲಿನ ಹತ್ತಿರ ನಿಂತು, ನಮಗೆ ಬೆನ್ನು ಹಾಕಿಯೇ. "ಬೇಸಿಗೆಯಲ್ಲಿ ನೀರು ಕೆಳಗೆ ಹೋಗ್ತದೆ. ನಿನ್ನ ಬಳ್ಳಿ ಸಾಲುದಿಲ್ಲ."

ಪಂಪು ಹೊಳೆಯ ಬದಿಗೆ ಹೋಯಿತು. ಆ ಹಗ್ಗ ಸವೆದು ಹೋಗುವವರೆಗೂ ಅತ್ತೆ ನೀರು ಸೇದುವಾಗ ಗಂಟು ರಾಟೆಗೆ ಬಂದು ಒಮ್ಮೆ ಟಕ್ಕೆಂದು ತಡೆಯುತ್ತಿತ್ತು. ಅವಳು ಒಂದು ಕ್ಷಣ ನಿಂತು, ಕೈ ಬದಲಿಸಿ, ಮತ್ತೆ ಎಳೆಯುತ್ತಿದ್ದಳು.